ಸತ್ತ ಮಿಷನ್ನಿಗೆ ಮೂರು ಅಮಾವಾಸ್ಯೆ

ನನಗೆ ಹಾವಿನ ಹೆದರಿಕೆ ಇಲ್ಲ, ಹೆಣದ ಹೆದರಿಕೆಯೂ ಇಲ್ಲ. ಕೈಯಲ್ಲಿ ಪಟ್ಟಿ ಹಿಡಿದು ಒಳಗೆ ಬರುವವರನ್ನು ಕಂಡರೆ ಮಾತ್ರ ಕಾಲು ತಣ್ಣಗಾಗುತ್ತವೆ. ನೀವು ನಗಬಹುದು. ಯಾರಾದರೂ ನಿಮ್ಮ ಅಡುಗೆಮನೆಗೆ ಬಂದು ಗೋಡೆಯ ಮಾಡದಲ್ಲಿ ಏನೇನಿದೆ ಎಂದು ಬರೆದುಕೊಳ್ಳಲು ನಿಂತರೆ ಆಗ ತಿಳಿಯುತ್ತದೆ. ನಾನು ಸೊಸೆಯಾಗಿ ಬಂದ ವರ್ಷ ನಮ್ಮತ್ತೆ ಹಬ್ಬದ ಮರುದಿನ ಹಿತ್ತಾಳೆ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಎಣಿಸಿದಳು. ಒಂದು ಸೌಟು ಕಡಿಮೆ ಬಂತು. ಕದ್ದವಳು ನಾನಲ್ಲ. ಆದರೂ ಅದು ಹಿಟ್ಟಿನ ಡಬ್ಬಿಯಲ್ಲಿ ಸಿಗುವವರೆಗೆ ನನ್ನ ಮುಖ ಕಳ್ಳಿಯ ಮುಖವೇ ಆಗಿತ್ತು. ಜನಗಣತಿಯ ಮಾಸ್ತರು ಬಂದು ವಯಸ್ಸು ಕೇಳಿದಾಗಲೂ ತಡವರಿಸಿದೆ. ಅವರು ಎತ್ತಿನ ಹಲ್ಲು ನೋಡಿದಂತೆ ನನ್ನ ಹಲ್ಲು ನೋಡಿ ಒಂದು ಅಂಕಿ ಬರೆದುಕೊಂಡು ಹೋದರು. ಅಂದಿನಿಂದ ನನ್ನ ವಯಸ್ಸು ಅದೇ.

ಇಷ್ಟೆಲ್ಲ ಹೇಳುವುದು ಏಕೆಂದರೆ, ಒಂದು ಸಲ ಪಟ್ಟಿಯವರು ಬಂದಾಗ ನಾನು ಖರೇನೇ ತಪ್ಪು ಮಾಡಿದ್ದೆ.

ಹುಬ್ಬಳ್ಳಿಯ ಒಂದು ರಕ್ತ ಭಂಡಾರದಲ್ಲಿ ನಾನು ಕಸ ಹೊಡೆಯುತ್ತಿದ್ದೆ. ಬೈರಿದೇವರಕೊಪ್ಪದಿಂದ ಬೆಳಗಿನ ಬಸ್ಸು ಹಿಡಿದು ಹೋಗಿ, ಡಾಕ್ಟರು ಬರುವುದರೊಳಗೆ ನೆಲ ಒರೆಸಿ ಮುಗಿಸಬೇಕು. ಅಕ್ಷರ ನನಗೆ ಅಷ್ಟಕ್ಕಷ್ಟೆ, ಮುದುಕರಿಗೆಂದು ಗುಡಿಯ ಕಟ್ಟೆಯ ಮೇಲೆ ನಡೆಸಿದ ಶಾಲೆಯಲ್ಲಿ ಕಲಿತದ್ದು. ರಕ್ತದ ಚೀಲದ ಮೇಲಿನ ಇಂಗ್ಲಿಷ್ ಅಕ್ಷರ ಮೂರೇ ಇರುವುದರಿಂದ ಅವು ಬೇಗ ಬಂದವು: ಗುಡಾರದಂಥದ್ದು, ಎರಡು ಹೊಟ್ಟೆಯದ್ದು, ಬಳೆಯಂಥದ್ದು. ಬಳೆಯ ಪಕ್ಕ ಸಣ್ಣ ಅಡ್ಡಗೆರೆ ಇದ್ದರೆ ಆ ರಕ್ತ ಸುಲಭಕ್ಕೆ ಸಿಗುವುದಿಲ್ಲ. ಆಗ ಯಾವ ಊರಿನಲ್ಲಿ ಯಾರಿಗೆ ಅಂಥ ರಕ್ತ ಇದೆ ಎಂದು ಹೆಸರು ಹುಡುಕಿ ಫೋನು ಹಚ್ಚಬೇಕು. ಬಾಣಂತಿ ಟೇಬಲ್ಲಿನ ಮೇಲಿರುತ್ತಾಳೆ, ಅತ್ತ ಒಬ್ಬ ಹೊಲದಿಂದ ಕೈ ತೊಳೆದುಕೊಂಡು ಗಾಡಿ ಹತ್ತುತ್ತಾನೆ. ಇಂಥವರ ಹೆಸರು ಮೊದಲು ರಜಿಸ್ಟರಿನಲ್ಲಿದ್ದವು. ಅವನ್ನು ಗೆದ್ದಲು ತಿಂದವು. ಗೆದ್ದಲು ಬಿಟ್ಟದ್ದನ್ನು, ಆಮೇಲೆ ಬಂದವರದ್ದನ್ನು, ಎಲ್ಲ ಸೇರಿಸಿ ಕಂಪ್ಯೂಟರಿಗೆ ಹಾಕಿದರು.

ಕಂಪ್ಯೂಟರ್ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಅದರ ಕೋಣೆಗೆ ಏಸಿ. ರಕ್ತ ಕೊಟ್ಟ ಮನುಷ್ಯ ಹೊರಗೆ ಬೆವರುತ್ತ ಕೂತಿದ್ದರೆ ಮಿಷನ್ ಒಳಗೆ ತಣ್ಣಗಿರುತ್ತಿತ್ತು. ಗುರುನಾಥ ಎಂಬವನು ಆಪರೇಟರ್. ಚಪ್ಪಲಿ ಬಿಟ್ಟು ಬರಬೇಕೆಂದು ಬಾಗಿಲಿಗೆ ಬೋರ್ಡು ಹಾಕಿ, ತಾನು ಮಾತ್ರ ಬೂಟು ಹಾಕಿಕೊಂಡು ಕೂಡುತ್ತಿದ್ದ. ಕೆಲವು ವರ್ಷಗಳ ಮೇಲೆ ಎರಡನೆಯದೊಂದು ಮಿಷನ್ ತಂದು ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿಟ್ಟ. ಅದಕ್ಕೆ ಪರದೆ ಇಲ್ಲ, ಬರೀ ಡಬ್ಬಿ. ದೊಡ್ಡ ಮಿಷನ್ನಿನೊಳಗೆ ಇದ್ದದ್ದೆಲ್ಲ ದಿನಾ ಅದಕ್ಕೆ ಕಾಪಿಯಾಗುತ್ತದೆ, ದೊಡ್ಡದು ಸತ್ತರೆ ಇದು ಕೈ ಹಿಡಿಯುತ್ತದೆ ಎಂದು ನನಗೆ ತಿಳಿಸಿ ಹೇಳಿದ್ದ.

ನಮ್ಮ ಕಡೆ ಅಮಾವಾಸ್ಯೆಗೆ ಪೂಜೆ ಇಲ್ಲದ ಅಂಗಡಿ, ಗಿರಣಿ, ಗಾಡಿ ಯಾವುದೂ ಇಲ್ಲ. ಕಂಪ್ಯೂಟರಿಗೆ ಮಾತ್ರ ಬೇಡವೆಂದರೆ ಹೇಗೆ? ಆ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಮಿಷನ್ನಿನ ಹತ್ತಿರ ಗುರುನಾಥ ಕಾವಲು ಕೂತಿರುತ್ತಿದ್ದ. ಅಲ್ಲಿ ಗೋಡೆಗೆ ವಿಭೂತಿ ಹಚ್ಚಿ, ಊದಿನಕಡ್ಡಿಯನ್ನು ದೂರದಿಂದ ತೋರಿಸಿ ಬರಬೇಕು. ಮೆಟ್ಟಿಲ ಕೆಳಗಿನದನ್ನು ಕೇಳುವವರಿಲ್ಲ. ಕಷ್ಟಕಾಲದಲ್ಲಿ ಆಗಿಬರುವುದು ಇದೇ ಅಲ್ಲವೇ ಎಂದು ನಾನು ಅದಕ್ಕೆ ಪೂರಾ ಪೂಜೆ ಮಾಡುತ್ತಿದ್ದೆ: ಕುಂಕುಮ, ಹೂವು, ಕಾಯಿ. ಒಡೆದ ಕಾಯಿಯ ನೀರನ್ನು ಗಾಡಿಗೆ ಚಿಮುಕಿಸಿದಂತೆ ಮೂರು ಹನಿ ಚಿಮುಕಿಸುತ್ತಿದ್ದೆ. ಒಂದು ಅಮಾವಾಸ್ಯೆಗೆ ಕಾಯಿ ಎಳೆಯದು, ನೀರು ಬಹಳ. ದೇವರ ಮುಂದಿನ ನೀರು ಚೆಲ್ಲಬಾರದೆಂದು ಲೋಟದಲ್ಲಿ ಉಳಿದದ್ದನ್ನೂ ಹಾಕಿದೆ. ಡಬ್ಬಿಯ ನೆತ್ತಿಯ ಮೇಲೆ ಸೀಳುಗಳಿದ್ದವು. ಒಳಗೆ ಚುರ್ ಎಂದಿತು. ಅದರ ಹಸಿರು ದೀಪ ಹೋಯಿತು.

ಸೆರಗಿನಿಂದ ಒರೆಸಿದೆ. ಊದಿದೆ. ಕೈ ಮುಗಿದೆ. ಏಳಲಿಲ್ಲ.

ಪಕ್ಕದಲ್ಲಿ ಕರೆಂಟು ಹಿಡಿದಿಡುವ ಯುಪಿಎಸ್ ಡಬ್ಬಿ ಇತ್ತು, ಅದರ ದೀಪವೂ ಹಸಿರೇ. ಗುರುನಾಥ ಹಾದುಹೋಗುವಾಗ ಬಗ್ಗಿ ಆ ಬೆಳಕನ್ನು ನೋಡಿ ಮುಂದೆ ನಡೆಯುತ್ತಿದ್ದ. ನಾನು ಬಾಯಿ ಬಿಡಲಿಲ್ಲ. ಮುಂದಿನ ಅಮಾವಾಸ್ಯೆಗೆ ಪೂಜೆ ತಪ್ಪಿಸಿದರೆ ಸಂಶಯ ಬಂದೀತೆಂದು ಸತ್ತದ್ದಕ್ಕೇ ಕುಂಕುಮ ಏರಿಸಿದೆ. ಅದರ ಮುಂದಿನ ಅಮಾವಾಸ್ಯೆಗೂ.

ಅಷ್ಟರಲ್ಲಿ ಪಟ್ಟಿ ಬಂತು. ಇಸವಿ ಎರಡು ಸಾವಿರ ದಾಟಿ ಎಂಟೊಂಬತ್ತು ವರ್ಷ ಆಗಿರಬೇಕು. ಹೆಸರುಗಳನ್ನೆಲ್ಲ ಬೇರೆ ಊರಿನ ದೊಡ್ಡ ದೊಡ್ಡ ಮಿಷನ್ನುಗಳಲ್ಲಿ ಇಟ್ಟು, ಇಂಟರ್‌ನೆಟ್ಟಿನಿಂದ ನೋಡುವುದೆಂದು ಭಂಡಾರ ನಡೆಸುವ ಟ್ರಸ್ಟಿನವರು ಠರಾಯಿಸಿದ್ದರು. ಕ್ಲೌಡ್ ಎಂಬ ಶಬ್ದ ಗುರುನಾಥನ ಬಾಯಿಗೆ ಹೊಸದಾಗಿ ಬಂದಿತ್ತು. ಎಲ್ಲರೆದುರು ಮೋಡ, ಮೋಡ ಎಂದು ಕಿಟಕಿಯ ಹೊರಗೆ ಕೈ ಮಾಡುತ್ತಿದ್ದ. ಮೋಡ ನಂಬಿ ಬಿತ್ತಿದವರನ್ನು ನಾನು ತವರೂರು ಹೆಬ್ಬಳ್ಳಿಯಲ್ಲಿ ಬಹಳ ಕಂಡಿದ್ದೇನೆ, ಅದಕ್ಕೇ ನಕ್ಕುಬಿಟ್ಟೆ.

ಸಾಗಿಸುವ ಮೊದಲು ಇರುವುದೇನೆಂದು ನೋಡಲು ಅನಘಾ ಎಂಬ ಇಂಜಿನಿಯರ್ ಹುಡುಗಿ ಗುರುವಾರ ಬಂದಳು. ಧಾರವಾಡದವಳೇ, ಮಾತು ಮೆತ್ತಗೆ. ಆ ಮೆತ್ತಗಿನ ಮಾತೇ ನನ್ನನ್ನು ಹೆಚ್ಚು ಹೆದರಿಸಿತು. ಒಂದೊಂದು ಮಿಷನ್ನಿಗೂ ಬಿಳಿ ಚೀಟಿ ಅಂಟಿಸಿ ನಂಬರು ಹಾಕುವಳು. ಇದು ಏನು ಮಾಡುತ್ತದೆ, ಯಾರು ಮುಟ್ಟುತ್ತಾರೆ, ಇದು ನಿಂತರೆ ಮತ್ತೇನು ನಿಲ್ಲುತ್ತದೆ ಎಂದು ಕೇಳಿ ಬರೆದುಕೊಳ್ಳುವಳು. ಮೆಟ್ಟಿಲ ಕೆಳಗೂ ಬಂದಳು. ಗುರುನಾಥ ಬಾಗಿಲಲ್ಲೇ ನಿಂತು, ಕಾಪಿ ಮಿಷನ್, ಛಲೋ ನಡೆದಿದೆ, ದೀಪ ನೋಡಿ ಎಂದ. ಅವಳು ದೀಪ ನೋಡಿದಳು, ಚೀಟಿ ಅಂಟಿಸಿದಳು. ನಾನು ಕಸಬರಿಗೆ ಹಿಡಿದು ಹಿಂದೆಯೇ ನಿಂತಿದ್ದೆ.

ಆಮೇಲೆ ಅವರಿಬ್ಬರ ಮಾತು ಕಿವಿಗೆ ಬಿತ್ತು. ನೆಟ್ ನಿಧಾನ, ಹೆಸರು ಬಹಳ. ಅದಕ್ಕೆ ಸೋಮವಾರ ದೊಡ್ಡ ಮಿಷನ್ನನ್ನೇ ಕಾರಿನಲ್ಲಿಟ್ಟು ನೆಟ್ ಜೋರಾಗಿರುವ ಊರಿಗೆ ಒಯ್ದು, ಅಲ್ಲಿಂದ ಏರಿಸುವುದು. ದಾರಿಯಲ್ಲಿ ಏನಾದರೂ ಆದರೆ ಕಾಪಿ ಇಲ್ಲಿದ್ದೇ ಇದೆ.

ಇಲ್ಲಿ ಏನೂ ಇರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತು.

ಶುಕ್ರವಾರ ಒಂದೇ ಮೆಟ್ಟಿಲನ್ನು ಮೂರು ಸಲ ಒರೆಸಿದೆ. ಹೇಳಿದರೆ ಕೆಲಸ ಹೋಗುತ್ತದೆ. ಈ ವಯಸ್ಸಿನಲ್ಲಿ ನನ್ನ ಕೈಗೆ ಹೊಸ ಕಸಬರಿಗೆ ಕೊಡುವವರಿಲ್ಲ. ಹೇಳದಿದ್ದರೆ? ಕಾರು ಸುಖವಾಗಿ ಮುಟ್ಟಿದರೆ ಯಾರಿಗೂ ತಿಳಿಯುವುದಿಲ್ಲ. ಮುಟ್ಟದಿದ್ದರೆ ಬಳೆ-ಅಡ್ಡಗೆರೆಯವರ ಹೆಸರು ಒಂದೂ ಉಳಿಯುವುದಿಲ್ಲ. ಕಾರು ಮುಟ್ಟಲಿ ಎಂದು ಹರಕೆ ಹೊರಲು ಹೋದೆ. ಹೊತ್ತರೆ ಮತ್ತೆ ಕಾಯಿ ಒಡೆಯಬೇಕಲ್ಲ ಎಂದು ಬಿಟ್ಟೆ.

ಚಿಕ್ಕವಳಿದ್ದಾಗ ಹೆಬ್ಬಳ್ಳಿಯ ತವರಿನಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವೆಂದರೆ ನೆಲದೊಳಗಿನ ಆಳದ ಗುಂಡಿ, ಬಾಯಿ ಮಾತ್ರ ಮೇಲೆ. ತೆಗೆಯುವಾಗ ಮನುಷ್ಯ ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವರು. ಕಂದೀಲು ಆರಿತೆಂದರೆ ಒಳಗೆ ಕೆಟ್ಟ ಗಾಳಿ, ಯಾರೂ ಇಳಿಯಬಾರದು. ಒಂದು ವರ್ಷ ನಮ್ಮ ಕಾಕಾ, ಹೋದ ವರ್ಷ ಏನೂ ಆಗಿಲ್ಲ, ಈ ವರ್ಷ ಏನಾಗುತ್ತದೆ ಎಂದು ಕಂದೀಲಿಲ್ಲದೆ ಇಳಿದ. ಮೇಲೆ ಎಳೆದಾಗ ತೊಯ್ದ ಚೀಲದ ಹಾಗಿದ್ದ. ಬದುಕಿದ. ಜೋಳ ಮಾತ್ರ ಕರ್ರಗಾಗಿತ್ತು. ಆ ಹಗೇವಿನ ಬಾಯನ್ನು ನಾವೇ ಸೆಗಣಿಯಿಂದ ಸಾರಿಸಿ, ಅದರ ಮೇಲೆ ಕುಂಟೆಬಿಲ್ಲೆ ಆಡಿದ್ದೆವು. ಮುಚ್ಚಿದ್ದರೊಳಗೆ ಏನಾಗಿದೆ ಎಂದು ಮೇಲೆ ಕುಣಿಯುವವರಿಗೆ ಹೇಗೆ ತಿಳಿಯಬೇಕು?

ಶನಿವಾರ ಮಧ್ಯಾಹ್ನ ಅನಘಾ ಊಟದ ಡಬ್ಬಿ ಬಿಚ್ಚಿದ್ದಳು. ಎದುರಿಗೆ ಹೋಗಿ ನಿಂತೆ. ಬಂದದ್ದೇಕೆಂದು ಅವಳು ಕೇಳುವ ಮೊದಲೇ ಹೇಳಿದೆ.

“ಬಾಯಾರ, ಮೆಟ್ಟಲಾ ಕೆಳಗಿನ ಮಿಷನ್ ಸತ್ತೈತ್ರಿ. ನಾನ ಕೊಂದೇನಿ.”

ಅವಳು ತುತ್ತು ಕೆಳಗಿಟ್ಟಳು. “ಯಾವಾಗ, ಆಯಿ?”

“ಮೂರು ಅಮಾಸಿ ಆದೂರಿ.”

“ದೀಪಾ ಉರಿಯಾಕತ್ತೈತಲ್ಲಾ?”

“ಅದು ಬಾಜೂ ಡಬ್ಬೀದ್ರಿ. ಹೆಣದ ತಲಿಕಡೆ ದೀಪಾ ಇಟ್ಟಿರ್ತಾರಲ್ರಿ, ಹಂಗ ಉರಿಯಾಕತ್ತೈತಿ.”

ಅವಳು ಉಣ್ಣಲಿಲ್ಲ. ಮೆಟ್ಟಿಲ ಕೆಳಗೆ ಹೋಗಿ ತಿರುಪು ಬಿಚ್ಚಿ ಮಿಷನ್ ತೆಗೆದರೆ ಒಳಗೆ ಕುಂಕುಮದ ಕೆಸರು ಒಣಗಿ ಹೆಪ್ಪಾಗಿತ್ತು, ಕಾಯಿನೀರಿನ ಸಿಹಿಗೆ ಇರುವೆ ಸಂಸಾರ ಹೂಡಿದ್ದವು. “ನನ್ನ ನೌಕರಿ ತಿಂದೆಲ್ಲ ನೀಲವ್ವಾ!” ಎಂದು ಗುರುನಾಥ ನನ್ನ ಮೇಲೆ ಹರಿಹಾಯ್ದ. ಅನಘಾ ಅವನ ಕಡೆ ತಿರುಗಿ, ಕಾಪಿ ಆಗದಿದ್ದರೆ ದಿನಾ ನಿಮ್ಮ ಪರದೆಯ ಮೇಲೆ ಹಾಗೆಂದು ಬರಬೇಕಲ್ಲ, ಬರುತ್ತಿರಲಿಲ್ಲವೇ ಎಂದು ಕೇಳಿದಳು.

“ಬರ್ತಿತ್ರಿ,” ಎಂದ ಗುರುನಾಥ, ಬೂಟು ನೋಡುತ್ತ. “ಓಕೆ ಒತ್ತತಿದ್ದೆ.”

ನಾನು ತಿಂಗಳಿಗೊಮ್ಮೆ ಕುಂಕುಮ ಹಚ್ಚುತ್ತಿದ್ದೆ, ಅವನು ದಿನಕ್ಕೊಮ್ಮೆ ಓಕೆ ಒತ್ತುತ್ತಿದ್ದ. ಇಬ್ಬರೂ ಕೂಡಿ ಚೆನ್ನಾಗಿ ತಿಥಿ ನಡೆಸಿದ್ದೆವು.

ಅವಳು ಬೈಯಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು. ಪಟ್ಟಿಯಲ್ಲಿ ಬರದೇ ಇದ್ದದ್ದು ಮತ್ತೇನೇನಿದೆ ತೋರಿಸಿ ಎಂದು ನನ್ನನ್ನೇ ಮುಂದೆ ಮಾಡಿಕೊಂಡು ಹೊರಟಳು. ತೋರಿಸಿದೆ. ಸಿಸ್ಟರ್ ಒಬ್ಬರು ಫೋನು ನಂಬರು ಬದಲಾದವರದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟ ಡೈರಿ ಇತ್ತು, ಅದು ಮಿಷನ್ನಿಗೆ ಎಂದೂ ಏರಿರಲಿಲ್ಲ. ಚಹಾದ ಒಲೆ ಹಚ್ಚಲು ಎಲ್ಲರೂ ಕಿತ್ತುಹಾಕುವ ಪ್ಲಗ್ಗೊಂದು ಇತ್ತು, ಅದು ರಕ್ತದ ಫ್ರಿಜ್ಜು ಬಿಸಿಯಾದರೆ ಬಡಿಯುವ ಗಂಟೆಯದು. ಅವಳು ಬರೆದಳು, ಬರೆದಳು. ಇಷ್ಟು ದಿನ ಇದರ ಮೇಲೆಲ್ಲ ಕಸಬರಿಗೆ ಆಡಿಸುತ್ತ ನಿಶ್ಚಿಂತೆಯಾಗಿದ್ದೆನಲ್ಲ!

ಸೋಮವಾರ ಕಾರು ಹೋಗಲಿಲ್ಲ. ಬೇರೆ ಎರಡು ಕಾಪಿ ಮಾಡಿ, ತೆರೆದು, ಹೆಸರು ಓದಿ ನೋಡಿ, ಆಮೇಲೆ ಒಯ್ದರು. ಸುಖವಾಗಿಯೇ ಮುಟ್ಟಿತು. ನಾನು ಬಾಯಿ ಮುಚ್ಚಿಕೊಂಡಿದ್ದರೂ ಮುಟ್ಟುತ್ತಿತ್ತೋ ಏನೋ, ಆ ಲೆಕ್ಕ ಮಾಡಬಾರದು. ಟ್ರಸ್ಟಿನ ಕಾರ್ಯದರ್ಶಿಗಳು ಕರೆದು ಬೈದರು. ಕೆಲಸದಿಂದ ತೆಗೆಯಲಿಲ್ಲ. ನನ್ನನ್ನು ತೆಗೆದರೆ ಗುರುನಾಥನನ್ನೂ ತೆಗೆಯಬೇಕು, ಅವನು ಅವರ ಷಡ್ಡಕನ ಮಗ.

ಹೋಗುವ ದಿನ ಅನಘಾ ನನಗೊಂದು ಕೆಲಸ ಹಚ್ಚಿ ಹೋದಳು. ಶನಿವಾರಕ್ಕೊಮ್ಮೆ ನಾನು ಗುರುನಾಥನಿಗೆ ಮನಸ್ಸಿಗೆ ಬಂದ ಒಂದು ಊರಿನ ಹೆಸರು ಹೇಳಬೇಕು, ಅವನು ದೂರದ ಆ ಮೋಡದಲ್ಲಿಟ್ಟ ಕಾಪಿಯನ್ನು ತೆರೆದು ಆ ಊರಿನವರನ್ನು ತೋರಿಸಬೇಕು. ಅವನಿಗೆ ಸಿಟ್ಟು. “ನಿನಗ ಓದಾಕ ಬರೂದಿಲ್ಲ, ಏನು ನೋಡ್ತಿ ನೀಲವ್ವಾ?” ಎನ್ನುತ್ತಿದ್ದ. ಕೂಡಿಸಿ ಕೂಡಿಸಿ ಓದುತ್ತಿದ್ದೆ, ಅವನ ಚಹಾ ಆರುವವರೆಗೆ. ಒಂದು ಶನಿವಾರ ಉಣಕಲ್, ಒಂದು ಶನಿವಾರ ಮತ್ತೊಂದು. ಪರದೆಯ ಮೇಲೆ ಅಕ್ಷರ ಮೂಡುವವರೆಗಿನ ಆ ಚಣ ಇದೆಯಲ್ಲ, ಅಷ್ಟು ಹೊತ್ತು ಎದೆ ಹೊಡೆದುಕೊಳ್ಳುತ್ತಿತ್ತು. ಕೆಲಸ ಬಿಡುವ ದಿನದವರೆಗೂ ಅದು ಕಡಿಮೆಯಾಗಲಿಲ್ಲ. ಕಡಿಮೆ ಮಾಡಿಕೊಳ್ಳಲು ನಾನೂ ನೋಡಲಿಲ್ಲ. ಧೈರ್ಯದವರು ಆ ಕಚೇರಿಯಲ್ಲಿ ಬೇಕಾದಷ್ಟಿದ್ದರು. ಹೆದರುವವಳು ನಾನೊಬ್ಬಳೇ. ನಾನೂ ಧೈರ್ಯ ತಂದುಕೊಂಡಿದ್ದರೆ ನೋಡುವವರು ಯಾರು?