ಒಬ್ಬರ ಮಾತು ಕೇಳುವ ಮೈಕು

ಮೊನ್ನೆ ಕಪಾಟಿನಿಂದ ಮೈಕಿನ ಡಬ್ಬಿ ತೆಗೆದಾಗ ಲವಂಗದ ವಾಸನೆ ಬಂತು. ಮೈಕಿಗೆ ತೊಡಿಸಿದ ಕರಿ ಸ್ಪಂಜಿನ ಟೋಪಿಯಲ್ಲಿ ಅದು ಇನ್ನೂ ಉಳಿದಿತ್ತು. ನನ್ನ ಹತ್ತಿರ ಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳು, ಮನೆಯಲ್ಲೇ ಕಥೆ ಓದಿ ರೆಕಾರ್ಡ್ ಮಾಡಲು ಕಡಿಮೆ ದುಡ್ಡಿನಲ್ಲಿ ಏನು ಕೊಳ್ಳಬೇಕೆಂದು ಕೇಳಲು ಬಂದಿದ್ದಳು. ಉತ್ತರ ಹೇಳುವುದನ್ನು ಬಿಟ್ಟು ನಾನು ಆ ಟೋಪಿಯನ್ನು ಮೂಗಿಗೆ ಹಿಡಿದು ಕೂತುಬಿಟ್ಟೆ...

ಲವಂಗ ಅಗಿಯುತ್ತಿದ್ದವರು ಮರಿಯಮ್ಮನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಅತ್ತಿ. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ಅತ್ತಿಯೇ. ನಾಟಕದಲ್ಲಿ ರಾಣಿ ಪಾತ್ರ ಮಾಡಿ ಹೆಸರಾದವರು. ಸಂಡೂರು, ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಅವರು ರಂಗಕ್ಕೆ ಬಂದರೆ ಶೇಂಗಾ ಮಾರುವವರೂ ಮಾರುವುದನ್ನು ಮರೆತು ನಿಲ್ಲುತ್ತಿದ್ದರಂತೆ. ಇದನ್ನು ನಮಗೆ ಹೇಳಿದವರೂ ಅವರೇ. ವಿನಯವೆಂಬುದು ಅವರ ಮನೆ ಕಡೆ ಸುಳಿದದ್ದೇ ಇಲ್ಲ.

ಅಂಥವರ ಗಂಟಲಿಗೆ ಆಪರೇಷನ್ ಆಗಬೇಕೆಂದಾಯಿತು. ಜೀವಕ್ಕೆ ಭಯವಿಲ್ಲ, ಧ್ವನಿ ಮಾತ್ರ ಉಳಿಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಅಷ್ಟು ವರ್ಷ ರಂಗದ ಮೇಲೆ ಆಡಿದ ಒಂದು ಮಾತನ್ನೂ ಯಾರೂ ನೆಟ್ಟಗೆ ರೆಕಾರ್ಡ್ ಮಾಡಿಟ್ಟಿರಲಿಲ್ಲ. ಅತ್ತಿ ನಮ್ಮ ಕಟ್ಟೆಗೆ ಬಂದು ಕೂತರು.

"ಯವ್ವಾ, ಆಸ್ಪತ್ರಿಗೆ ಹೋಗೂದ್ರೊಳಗ ನನ್ನ ರಾಣಿ ಮಾತೆಲ್ಲ ತುಂಬಿಟ್ಟು ಕೊಡು. ಫೋನಿನ್ಯಾಗ ಬ್ಯಾಡ, ಅದ್ರಾಗ ನನ್ನ ದನಿ ಸೊಳ್ಳಿ ಹಂಗ ಕೇಳ್ತೈತಿ."

ನನಗೋ ಮೈಕಿನ ಗಂಧಗಾಳಿಯೂ ಗೊತ್ತಿರಲಿಲ್ಲ. ಹಳೆಯ ಲ್ಯಾಪ್‌ಟಾಪೊಂದಿತ್ತು, ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಎಂದುಕೊಂಡು ಇಬ್ಬರೂ ಬಸ್ಸು ಹತ್ತಿ ಹೊಸಪೇಟೆಗೆ ಹೋದೆವು.

ಅಂಗಡಿಯವರು ಎರಡು ಮೈಕು ಮುಂದಿಟ್ಟರು. ಒಂದು ದಪ್ಪನೆಯದು, ಫಳಫಳ ಹೊಳೆಯುವಂಥದು. ಸಣ್ಣ ಸದ್ದನ್ನೂ ಹಿಡಿಯುತ್ತದೆ, ದೊಡ್ಡ ದೊಡ್ಡ ಹಾಡುಗಾರರು ಇಂಥದ್ದನ್ನೇ ಒಯ್ಯುತ್ತಾರೆ ಎಂದರು. ಇನ್ನೊಂದು ಸಭೆಗಳಲ್ಲಿ ಕೈಯಲ್ಲಿ ಹಿಡಿಯುವ ಸಾದಾ ಮೈಕು. ನನ್ನ ಮನಸ್ಸು ಹೊಳೆಯುವುದರ ಮೇಲೆಯೇ. ಅತ್ತಿ ಹೆಡ್‌ಫೋನು ಹಾಕಿಕೊಂಡು ಎರಡನ್ನೂ ಹಚ್ಚಿಸಿದರು. ಹೊಳೆಯುವ ಮೈಕಿನಲ್ಲಿ ರಸ್ತೆಯ ಆಟೋ ಹಾರ್ನು, ಪಕ್ಕದ ಹೋಟೆಲಿನ ಲೋಟದ ಸದ್ದು ಎಲ್ಲ ಬಂತಂತೆ.

"ಇದು ನಮ್ಮ ಓಣಿ ಹೆಂಗಸರ ಹಂಗ, ಎಲ್ಲಾರ ಮಾತೂ ಕೇಳಿಸ್ಕೊಂತೈತಿ. ನಮ್ಮ ಮನಿ ಮುಂದ ದಿನಾ ಲಾರಿ. ಒಬ್ರ ಮಾತು ಕೇಳೂದು ಕೊಡ್ರಿ" ಎಂದರು.

ಸ್ಪಂಜಿನ ಟೋಪಿ ಸಮೇತ ಸಾದಾ ಮೈಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಅಂಗೈಯಗಲದ ಪೆಟ್ಟಿಗೆ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು. ಇಷ್ಟೇ ಕೊಂಡೆವು. ಸ್ಟ್ಯಾಂಡು ಬೇಡ, ಮನೆಯಲ್ಲಿ ತೊಟ್ಟಿಲ ಕೊಂಡಿ ಇದೆ ಎಂದು ಅತ್ತಿ ಹಟ ಹಿಡಿದರು.

ಮನೆಗೆ ಬಂದು ಗೋಡೆ, ಕಿಟಕಿಗಳಿಗೆಲ್ಲ ಕೌದಿ ಇಳಿಬಿಟ್ಟೆವು. ಕೋಣೆ ಗುಂಯ್‌ಗುಡುವುದು ನಿಂತಿತು. ಆಮೇಲೆ ಅತ್ತಿ ನಾಟಕದವರು ಮಾತ್ರ ಮಾಡುವಂಥ ತಪ್ಪೊಂದನ್ನು ಮಾಡಿದರು. ನಮ್ಮ ಕಡೆಯ ನಾಟಕಗಳಲ್ಲಿ ರಂಗದ ನಡುವೆ ಮೇಲಿನಿಂದ ಮೈಕು ಇಳಿಬಿಡುತ್ತಾರೆ. ಪಾತ್ರಧಾರಿ ಅದರ ಕೆಳಗೆ ಬಂದು, ತಲೆಯೆತ್ತಿ, ಕಟ್ಟಕಡೆಯ ಸಾಲಿಗೆ ಮುಟ್ಟುವಂತೆ ಮಾತು ಎಸೆಯಬೇಕು. ಅತ್ತಿಯೂ ತೊಟ್ಟಿಲ ಕೊಂಡಿಗೆ ಹಗ್ಗ ಕಟ್ಟಿ ಮೈಕನ್ನು ನೆತ್ತಿಯ ಮೇಲೆ ತೂಗಿಬಿಟ್ಟು ಗುಡುಗಿದರು. ನಾನೇನು ಕಡಿಮೆಯೇ, ಮೈಕು ದೂರವಿದೆಯೆಂದು ಪೆಟ್ಟಿಗೆಯಲ್ಲಿ ಸದ್ದು ಹೆಚ್ಚಿಸುವ ತಿರುಗಣಿಯನ್ನು ಪೂರ್ತಿ ತಿರುಗಿಸಿಟ್ಟಿದ್ದೆ. ಹಿಂದಕ್ಕೆ ಹಾಕಿ ಕೇಳಿದರೆ ಮಾತೆಲ್ಲ ಒಡೆದ ಮಡಕೆ.

ಅತ್ತಿಯ ಮುಖ ಸಪ್ಪಗಾಯಿತು. "ಅಂದ್ರ ನನ್ನ ದನಿ ಆಗ್ಲೇ ಹೋತೇನು?"

"ದನಿ ಭಾಳ ಐತ್ರಿ ಅತ್ತಿ, ಮೈಕಿಗೆ ತಡಕೊಳ್ಳಾಕ ಆಗವಲ್ದು. ಜನ ದೂರ ಇಲ್ಲ, ನಿಮ್ಮ ಮೂಗಿನ ಮುಂದ ಕುಂತಾರ ಅಂತ ತಿಳಕೊಳ್ರಿ."

ಹಗ್ಗ ಸಡಿಲಿಸಿ ಮೈಕನ್ನು ಗಲ್ಲದ ಮಟ್ಟಕ್ಕೆ ಇಳಿಸಿದೆ, ತಿರುಗಣಿ ತಗ್ಗಿಸಿದೆ. ಒತ್ತಿ ನುಡಿದಲ್ಲೆಲ್ಲ ಉಸಿರು ಬಡಿದು ಡಬ್ ಎನ್ನುತ್ತಿತ್ತು. ಅವರೇ ಮುಖವನ್ನು ತುಸು ಓರೆ ಮಾಡಿದರು. "ಇದಕ್ಕ ಬಾಯಿ ಕೊಡಬಾರದು, ಕೆನ್ನಿ ಕೊಡಬೇಕು" ಎಂದು ಕಣ್ಣರಳಿಸಿದರು. ಲವಂಗವನ್ನು ದವಡೆಗೆ ಒತ್ತಿಕೊಂಡು, ಸಖಿಯ ಕಿವಿಯಲ್ಲಿ ಹೇಳುವಂತೆ ಶುರು ಮಾಡಿದರು. ಅಷ್ಟು ಮೆಲ್ಲಗೆ ಮಾತಾಡಿಯೂ ರಾಣಿಯಾಗಿಯೇ ಇದ್ದರು. ನೋವಾದಾಗ ನಿಲ್ಲಿಸಿ ಬಿಸಿನೀರು ಕುಡಿಯುವರು, ಮತ್ತೆ ಶುರು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಎಲ್ಲ ಮುಗಿಯಿತು. ಅವರ ಬಗ್ಗೆ ಹೆಮ್ಮೆ ಯಾವಾಗಲೂ ಇತ್ತು. ಆ ದಿನ ನನ್ನ ಬಗ್ಗೆಯೂ ಆಯಿತು.

ಆಪರೇಷನ್ ಆಯಿತು, ಧ್ವನಿ ಹೋಯಿತು. ಮುಂದಿನ ವರ್ಷ ಊರಿನ ಹೆಣ್ಣುಮಕ್ಕಳು ಅದೇ ರಾಣಿಯ ನಾಟಕ ಆಡಿದಾಗ ರಾಣಿಯಾಗಿ ಅತ್ತಿಯೇ ನಿಂತರು. ನಾನು ಪರದೆಯ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತು, ಉಳಿದವರ ಮಾತು ಮುಗಿಯುವುದನ್ನೇ ಕಾದು ಅತ್ತಿಯ ಮಾತು ಬಿಡುತ್ತಿದ್ದೆ. ಸ್ಪೀಕರಿನಲ್ಲಿ ಅವರ ಧ್ವನಿ, ರಂಗದ ಮೇಲೆ ಅವರ ತುಟಿ, ಕಣ್ಣು, ಎತ್ತಿದ ಕೈ... ಒಂದಕ್ಷರವೂ ಹಿಂದೆಮುಂದೆ ಆಗಲಿಲ್ಲ. ಧ್ವನಿ ಹೋದದ್ದು ಬಹಳ ಜನಕ್ಕೆ ತಿಳಿಯಲೇ ಇಲ್ಲ. ತಿಳಿದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತ್ತಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಹೆಂಗೈತಿ ನೋಡು, ಎಂದಂತೆ.

ಅವರು ತೀರಿಕೊಂಡು ವರ್ಷಗಳಾದವು. ಸಾದಾ ಮೈಕೇ ಸಾಕು ಎಂದು ಹುಡುಗಿಗೆ ಹೇಳಿ, ಅತ್ತಿಯ ರೆಕಾರ್ಡಿಂಗು ಹಚ್ಚಿದೆ. ಅವಳು ಕೊನೆಯ ತನಕ ಕೇಳಿದಳು.

"ಇಲ್ಲೇ ಕುಂತು ಮಾತಾಡಿದಂಗ ಐತ್ರಿ ಟೀಚರ್" ಎಂದಳು.

ಹೌದು ಎಂದೆ. ಧ್ವನಿಯೇನೋ ಹಾಗೇ ಇದೆ. ಅದಕ್ಕೆ ತುಟಿ ಆಡಿಸುವವರು ಇಲ್ಲ.