ಭಾವನ ಕುದುರೆ ಓಟಕ್ಕೆ ಇಳಿದದ್ದು

ಅಕ್ಕನ ಗಂಡನಿಗೆ ಆ ಕಾರ್ಟೂನು ತೋರಿಸಿದ ಪಾಪ ನನ್ನದೇ. ಸಂತೆಮರಹಳ್ಳಿಯಲ್ಲಿ ಅವರ ಜಗಲಿಯ ಮೇಲೆ ಕೂತು, ಹೊತ್ತು ಹೋಗದೆ, ನನ್ನ ಮೊಬೈಲಿನಲ್ಲಿ ಹಾಕಿದ್ದೆ. ಎಲುಬು ಎಣಿಸಬಹುದಾದ ಬಡಕಲು ಕುದುರೆಯೊಂದು ರೇಸಿನ ಕುದುರೆಗಳನ್ನೆಲ್ಲ ಹಿಂದೆ ಹಾಕುವ ಹಳೇ ತಮಾಷೆ. ಭಾವ ನಗಲಿಲ್ಲ. ಇನ್ನೊಂದು ಸಲ ಹಾಕಿಸಿಕೊಂಡು, ಪುರಾಣ ಕೇಳುವವರಂತೆ ಕೈಕಟ್ಟಿ ನೋಡಿದರು.

ಅವರ ಜಟ್ಕಾ ಕುದುರೆಗೆ ಆ ವಾರ ಗಂಡಾಂತರವಿತ್ತು. ಆಟೋಗಳು ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಹುಲ್ಲು ಹಾಕಿ, ನೀರು ಕುಡಿಸಿ, ಲದ್ದಿ ಬಾಚುವವಳು ಅಕ್ಕ. ಅವಳ ಮಂಡಿ ಹೋಗಿತ್ತು. ಸೋಮವಾರ ಗುಂಡ್ಲುಪೇಟೆಯ ಒಬ್ಬನಿಗೆ ಕೊಟ್ಟುಬಿಡುವುದೆಂದು ಅವಳೇ ಮಾತಾಡಿ ಮುಗಿಸಿದ್ದಳು.

"ಭಾನ್ವಾರ ಉಡಿಗಾಲದ ತಾವ ಗಾಡಿ ಓಟ ಅದೆ ಕಣ್ಲಾ," ಎಂದರು ಭಾವ. "ಗೆದ್ ಮೇಲೆ ನಿಮ್ಮಕ್ಕ ಅದ್ಯಾವ ಬಾಯಲ್ಲಿ ಮಾರ್ಬುಡು ಅಂದಾಳು ನೋಡನ."

"ಭಾವ, ಅದು ಬೊಂಬೆ ಕುದ್ರೆ."

"ನಮ್ದು ಜೀವ ಇರೋದು. ಇನ್ನೂ ವಾಸಿ ಅಲ್ವೇನ್ಲಾ?"

ಈ ತರ್ಕಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಗಾಡಿಯಲ್ಲಿ ಇಬ್ಬರಿರಬೇಕೆಂಬ ನಿಯಮವಿದ್ದುದರಿಂದ, ನಿವೃತ್ತನಾಗಿ ಅಕ್ಕನ ಊರಿಗೇ ಬಂದು ನೆಲೆಸಿ ವರ್ಷ ತುಂಬುವ ಮೊದಲೇ ನಾನು ಸಹಸಾರಥಿಯ ಹುದ್ದೆಗೆ ನೇಮಕಗೊಂಡೆ.

ಸೀಟಿ ಊದಿದಾಗ ಕುದುರೆ ಓಡಿತು, ಸುಳ್ಳು ಹೇಳಬಾರದು. ನೂರು ಗಜದವರೆಗೆ ನಾವು ಮೂರನೆಯವರು. ಅಷ್ಟರಲ್ಲಿ ರಸ್ತೆ ಬದಿಯವನೊಬ್ಬ ಹುರಿದುಂಬಿಸಲೆಂದು ಕೈ ಎತ್ತಿದ. ಕುದುರೆ ನಿಂತಿತು. ಆಯುಷ್ಯವೆಲ್ಲ ಗಿರಾಕಿಗಳನ್ನು ಹೊತ್ತ ಪ್ರಾಣಿ. ಕೈ ಎತ್ತಿದವರನ್ನು ಬಿಟ್ಟು ಹೋಗುವುದು ಅದರ ಧರ್ಮವಲ್ಲ. ಭಾವ ಲಗಾಮು ಜಾಡಿಸಿದರು, ಬೇಡಿಕೊಂಡರು. ಹತ್ತು ಹೆಜ್ಜೆಗೆ ಇನ್ನೊಂದು ಕೈ, ಇನ್ನೊಂದು ನಿಲುಗಡೆ.

"ಕೈ ಇಳಿಸ್ರಪ್ಪೋ!" ಎಂದು ನಾನು ಅರಚಿದೆ. ಜನ ಖುಷಿಯಾಗಿ ಎರಡೂ ಕೈ ಎತ್ತಿದರು. ಮುದುಕಿಯೊಬ್ಬಳು ಸೊಪ್ಪಿನ ಕುಕ್ಕೆ ಸಮೇತ ಹತ್ತಿಯೇ ಬಿಟ್ಟಳು. "ನಮ್ಮೂರ್ ತಿರುವಲ್ಲಿ ಇಳ್ಸಪ್ಪ."

ನಾವು ಗೆರೆ ದಾಟುವಾಗ ಶಾಮಿಯಾನ ಬಿಚ್ಚುತ್ತಿದ್ದರು.

ಮನೆ ಬಾಗಿಲಲ್ಲೇ ಅಕ್ಕ ಕೇಳಿದಳು, "ಎಷ್ಟನೇದು?"

"ಆರ್ನೇದು," ಎಂದೆ.

"ಗಾಡಿ ಎಷ್ಟಿದ್ವು?"

"ಆರು."

ಭಾವ ಕುದುರೆಯ ಬೆವರು ಒರೆಸಿದರು. ಊಟಕ್ಕೆ ಏಳಲಿಲ್ಲ. ಅಕ್ಕ ಎರಡು ಸಲ ಕರೆದು, ಮೂರನೇ ಸಲ ಕರೆಯದೆ, ಅವರನ್ನೇ ನೋಡುತ್ತ ನಿಂತಳು.

ಸೋಮವಾರ ಗುಂಡ್ಲುಪೇಟೆಯವನು ಹಗ್ಗ ಹಿಡಿದುಕೊಂಡು ಬಂದ. ಭಾವ ಹಿತ್ತಿಲಿಗೆ ಹೋಗಿಬಿಟ್ಟರು.

"ಓಟಕ್ಕೋಗಿ ಸುಸ್ತಾಗ್ಬುಟ್ಟದೆ ಕಣಪ್ಪ," ಎಂದಳು ಅಕ್ಕ. "ಮುಂದಿನ್ ವಾರ ಬಾ."

ಮುಂದಿನ ವಾರ ಅವಳು ಕಾಲು ಉಳುಕಿದೆ ಎಂದಳು, ಯಾರದೆಂದು ಹೇಳಲಿಲ್ಲ. ಆಮೇಲೆ ಅವನು ಬರುವುದನ್ನು ಬಿಟ್ಟ. ಈಗ ಲದ್ದಿ ಬಾಚುವುದು ಭಾವನ ಕೆಲಸವೆಂದು ತೀರ್ಮಾನವಾಗಿದೆ. ಅವರಿಗೆ ಸೊಂಟ ಹಿಡಿದ ದಿನ ಮಾತ್ರ ನಾನು. ವಾರದಲ್ಲಿ ಐದು ದಿನ ಅವರಿಗೆ ಸೊಂಟ ಹಿಡಿದಿರುತ್ತದೆ.