ಗುಮಾಸ್ತರ ಹೆಬ್ಬೆರಳು

ನಿಮ್ಮಜ್ಜ ತೀರಿಕೊಂಡ ಮೇಲೆ ಹೊಲದ ಪಹಣಿ ಉತಾರದಲ್ಲಿ ನನ್ನ ಹೆಸರು ಬರಬೇಕಿತ್ತು. ತಡವಾದರೆ ತಮ್ಮ ಹೆಸರು ಹಚ್ಚಿಸಲು ನನ್ನ ಭಾವಂದಿರು ಕಾದಿದ್ದರು. ಆಗಷ್ಟೇ ತಾಲೂಕು ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಇನ್ನು ಲಂಚವಿಲ್ಲ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು. ಅದೇ ಗೋಡೆಗೆ ಕುರ್ಚಿ ಒರಗಿಸಿಕೊಂಡು ಗುಮಾಸ್ತರು ಕೂತಿರುತ್ತಿದ್ದರು. ಅವರು ಹೆಬ್ಬೆರಳು ಒತ್ತಿದರಷ್ಟೇ ಕಂಪ್ಯೂಟರ್ ತೆರೆಯುತ್ತಿತ್ತು. ಪಾಪ, ಆ ಬೆರಳಿಗೆ ಸದಾ ಗಾಯ, ಸದಾ ಬಿಳಿ ಪಟ್ಟಿ.

“ನನ್ನ ಕೈಯಾಗ ಏನೂ ಇಲ್ರಿ ಅಕ್ಕಾರ, ಮಷೀನು ಗುರ್ತಾ ಹಿಡಿಯೂದಿಲ್ಲ,” ಎಂದು ಎಲ್ಲರಿಗೂ ಬಲು ಮರ್ಯಾದೆಯಿಂದ ಹೇಳುತ್ತಿದ್ದರು.

ಕರದಂಟಿನ ಡಬ್ಬಿಯೋ ತುಪ್ಪವೋ ಮೇಜಿನ ಕೆಳಗೆ ಸೇರಿದರೆ ಗಾಯ ಕೂಡಲೇ ಮಾಯುತ್ತಿತ್ತು. ಅಂಥ ಔಷಧ ಯಾವ ದವಾಖಾನೆಯಲ್ಲೂ ಇರಲಿಲ್ಲ.

ಹಲವು ಸಲ ಬರಿಗೈಲಿ ಹೋಗಿ ಬರಿಗೈಲಿ ಬಂದೆ. ಕೊನೆಗೊಂದು ದಿನ ಕೊಣ್ಣೂರಿನ ಸಂತೆಯಿಂದ ಅರಿಶಿಣಪುಡಿ ಒಯ್ದೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವವಳು ನಾನು. ತಲೆ ಎತ್ತದೆಯೇ ಹೇಳಿದೆ:

“ಕೈ ಇತ್ತ ತರ್ರಿ, ಹಚ್ಚತೇನಿ.”

ಅವರು ಬೇಡ ಎನ್ನುವುದರೊಳಗೆ ಪಟ್ಟಿ ಬಿಚ್ಚಿದ್ದೆ. ಬೆರಳು ಎಳೆ ಸೌತೆಕಾಯಿಯಂತೆ ನುಣ್ಣಗಿತ್ತು. ಪಾಳಿಯಲ್ಲಿ ನಿಂತವರೆಲ್ಲ ಕತ್ತು ಚಾಚಿದರು.

“ಗಾಯ ಎಲ್ಲೈತ್ರಿ ಸಾಹೇಬ್ರ?” ಎಂದು ಹಿಂದಿನಿಂದ ಯಾರೋ ಕೂಗಿದರು.

ಗುಮಾಸ್ತರು ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನಗೆ ಕೈ ಮುಗಿದರು.

“ಏನ್ ಕೈಗುಣಾರಿ ಅಕ್ಕಾರ ನಿಮ್ದು! ಹಚ್ಚೂಕಿಂತ ಮೊದಲ ಆರಾಮ ಆತು.”

ಬೆರಳು ಒತ್ತಿದರು. ಹೊಲ ನನ್ನ ಹೆಸರಿಗೆ ಬಂತು. ಉತಾರವನ್ನು ನನ್ನ ಕೈಗೆ ಕೊಟ್ಟು, ಅರಿಶಿಣದ ಪೊಟ್ಟಣವನ್ನು ತಾವೇ ಇಟ್ಟುಕೊಂಡರು.